ಮಂಗಗಳಿಗೆಂದು ಕಟ್ಟಿಸಿದ ಗೋಡೆ

ಜುಲೈ 5, ಶನಿವಾರ. ಸಂಜೆ

ಮತ್ತೆ ರೊಟ್ಟಿ ಬುಟ್ಟಿ ಹೋಯಿತು. ಈ ಸಲ ಒಂಬತ್ತನೇ ಕ್ಲಾಸಿನ ಟೆಸ್ಟ್ ಪೇಪರುಗಳೂ. ಅರ್ಧ ತಗಡಿನ ಮಾಡಿನ ಮೇಲೆ, ಉಳಿದರ್ಧ ಮಂಗಗಳ ಕೈಯಲ್ಲಿ. ಮಕ್ಕಳಿಗೆ ಏನೆಂದು ಹೇಳಲಿ?

ಶನಿವಾರ ಬಂದರೆ ಇದೇ ಪಾಡು. ಪಕ್ಕದ ಮನೆಯ ಸಕ್ರವ್ವ ಕಾಕಿ ಹನುಮಪ್ಪನ ಹೆಸರಲ್ಲಿ ಕಟ್ಟೆಯ ಮೇಲೆ ಶೇಂಗಾ, ಬಾಳೆಹಣ್ಣು ಇಡುತ್ತಾಳೆ. ಗುಡ್ಡದ ಮಂಗಗಳೆಲ್ಲ ಇಳಿಯುತ್ತವೆ. ಅಲ್ಲಿ ಊಟ, ನಮ್ಮಲ್ಲಿ ದರೋಡೆ. ಎರಡೂ ಮನೆಗೆ ಹಿತ್ತಲು ಒಂದೇ. ಅಪ್ಪ, ಕಾಕಾ ಬೇರೆಯಾದಾಗಲೂ ನಡುವೆ ಗೋಡೆ ಎದ್ದಿರಲಿಲ್ಲ.

“ಕಾಕಿ, ಇನ್ನ ಹಾಕಬ್ಯಾಡ,” ಎಂದೆ.

“ಮನಿಗೆ ಬಂದ ಹನಮಪ್ಪಗ ಒಲ್ಲೆ ಅನ್ಲೇನ? ನಿನ್ನ ಇಂಗ್ಲಿಷ್ ಸಾಲ್ಯಾಗ ಅದನ್ನ ಕಲಿಸ್ಯಾರೇನ?”

ಸಿಟ್ಟು ಬಂತು. ಗೋಡೆ ಕಟ್ಟಿಸುತ್ತೇನೆ ಎಂದೆ.

“ಕಟ್ಟಸವ್ವ. ನಿನ್ನ ಜಾಗಾ.”

ಜುಲೈ 8, ಮಂಗಳವಾರ

ಗೌಂಡಿ ಅಮಸಿದ್ದಪ್ಪ ಸಿಕ್ಕ. ಆಷಾಢದಲ್ಲಿ ಯಾರೂ ಪಾಯ ತೆಗೆಸುವುದಿಲ್ಲ, ಹಾಗಾಗಿ ಖಾಲಿ ಇದ್ದ. ಬಾಗಲಕೋಟೆಯಿಂದ ದೀಪಕ ಫೋನಿನಲ್ಲಿ ನಕ್ಕರು — “ಮಂಗ್ಯಾಗೋಳಿಗೆ ಗ್ವಾಡಿ ಏರಾಕ ಬರೂದಿಲ್ಲೇನ?” ಗಂಡಂದಿರ ಲಾಜಿಕ್.

ಕ್ಲಾಸಿನಲ್ಲಿ ಚೀನಾದ ಮಹಾಗೋಡೆಯ ಪಾಠ ನಡೆದಿದೆ. ಡಿಬೇಟ್ ಇಟ್ಟಿದ್ದೇನೆ: ಅಷ್ಟು ಜನ, ಅಷ್ಟು ವರ್ಷ... ಕಟ್ಟಿದ್ದು ಸಾರ್ಥಕವೇ? ಬೋರ್ಡಿನ ಮೇಲೆ ಗೆರೆ ಎಳೆದು ಒಂದು ಕಡೆ ಲಾಭ, ಒಂದು ಕಡೆ ನಷ್ಟ. ಸಣ್ಣ ದಾಳಿಗಳಿಗೆ ತಡೆಯಾಯಿತು, ಹೊಗೆಯ ಸಂಕೇತ ಬೇಗ ಮುಟ್ಟಿತು — ಲಾಭ. ಕಟ್ಟುವಾಗ ಸತ್ತವರು, ಕಾಯುವವರನ್ನು ಸಾಕುವ ಖರ್ಚು — ನಷ್ಟ. ಇದನ್ನೆಲ್ಲ ಬರೆಸುವಾಗ ನನ್ನ ಹಿತ್ತಲು ನೆನಪಾಗಲಿಲ್ಲ. ಆಶ್ಚರ್ಯ.

ಜುಲೈ 19, ಶನಿವಾರ

ಗೋಡೆ ಮುಗಿಯಿತು. ಕೆಂಪು ಕಲ್ಲು, ನೋಡಲು ಚೆಂದವೇ. ಅದರ ಮೇಲೆ ಸಾಲಾಗಿ ಮಂಗಗಳು, ಬಿಸಿಲಿಗೆ ಮೈ ಕಾಯಿಸುತ್ತ. ಒಂದು ನನ್ನ ಸಾಕ್ಸ್ ಹಿಡಿದಿತ್ತು.

ಕಾಕಿ ಈ ವಾರ ಬಂದಿಲ್ಲ. ಮೊದಲು ಹಿತ್ತಲಲ್ಲಿ ನಾಲ್ಕು ಹೆಜ್ಜೆ. ಈಗ ಓಣಿ ಸುತ್ತಿ ಬರಬೇಕು. ಅವಳ ಮೊಣಕಾಲಿಗೆ ಆಗದು.

ಚಿಕ್ಕವಳಿದ್ದಾಗ ಸ್ಕೂಲ್ ಬಸ್ ಇಳಿದು ಬಂದರೆ ಅವ್ವ ಇನ್ನೂ ಆಫೀಸಿನಲ್ಲಿ. ಕಾಕಿ ಒಲೆಯ ಮುಂದೆ ಕೂರಿಸಿ ಬಿಸಿ ರೊಟ್ಟಿ ಹಾಕುತ್ತಿದ್ದಳು. ಯೂನಿಫಾರ್ಮಿನ ಟೈ ತಾಟಿಗೆ ತಾಗದಂತೆ ಹೆಗಲ ಹಿಂದೆ ಹಾಕುತ್ತಿದ್ದಳು. “ಮೊದಲ ಉಣ್ಣು, ಆಮ್ಯಾಲೆ ಇಂಗ್ಲಿಷ್ ಮಾತಾಡು.”

ಜುಲೈ 22, ಮಂಗಳವಾರ

ಡಿಬೇಟ್ ಆಯಿತು. ಕೊನೆಗೆ ನಾನೇ ಹೇಳಿದೆ: ಹದಿನಾರನೇ ಶತಮಾನದಲ್ಲಿ ಮಂಗೋಲರ ಜೊತೆ ಒಪ್ಪಂದವಾಗಿ ಗಡಿಯಲ್ಲಿ ಸಂತೆಗಳು ನಡೆದವು, ದಾಳಿಗಳು ಬಹಳ ಕಡಿಮೆಯಾದವು. ಹಿಂದಿನ ಬೆಂಚಿನ ಶೈಲಾ ಕೈ ಎತ್ತಿದಳು.

“ಮಿಸ್, ಮತ್ತ ಸಂತೀನ ಮೊದ್ಲ ಯಾಕ ಹಚ್ಚಲಿಲ್ರಿ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಜುಲೈ 27, ಭಾನುವಾರ. ಸಂಜೆ

ರೊಟ್ಟಿ ಪಂಚಮಿ, ನಾಗರಪಂಚಮಿಗೆ ಎರಡು ದಿನ ಮೊದಲು ರೊಟ್ಟಿ ಹಂಚುವ ಹಬ್ಬ. ಓಣಿಯೆಲ್ಲ ತಾಟುಗಳು ಓಡಾಡಿದವು — ಎಳ್ಳು ಹಚ್ಚಿದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ಕಾಕಿಯ ತಾಟು ಬರಲಿಲ್ಲ. ನನ್ನ ನೆನಪಿನಲ್ಲಿ ಇದೇ ಮೊದಲು. ಮಧ್ಯಾಹ್ನದವರೆಗೆ ಕಾದು, ನಾನೇ ತಾಟು ಹಿಡಿದು ಓಣಿ ಸುತ್ತಿ ಹೋದೆ. ಸುತ್ತು ಇಷ್ಟು ದೂರವೇ?

ಅಟ್ಟದಿಂದ ಇಳಿಸಿದ ಜೋಕಾಲಿ ಹಗ್ಗ ಪಡಸಾಲೆಯಲ್ಲಿ ಸುಮ್ಮನೆ ಸುತ್ತಿಟ್ಟಿತ್ತು.

“ಇನ್ನೂ ಕಟ್ಟಿಲ್ಲೇನ ಕಾಕಿ? ನಾಡದ ಪಂಚಮಿ.”

“ಎಲ್ಲಿ ಕಟ್ಲಿ? ಬೇವಿನ ಗಿಡದಾಗ ಕಟ್ಟಿ ಜೀಕಿದ್ರ ಕಾಲು ಗ್ವಾಡಿಗೆ ಬಡಿತಾವ.”

ಬೇವಿನ ಮರ ಅವಳ ಕಡೆ, ಆದರೆ ಜೀಕು ಯಾವಾಗಲೂ ನಮ್ಮ ಕಡೆಗೆ. ಪ್ರತಿ ಪಂಚಮಿಗೆ ಅಲ್ಲಿಯೇ ತೂಗಿಸಿಕೊಂಡವಳು ನಾನು. ಗೋಡೆ ಕಟ್ಟಿಸಿದ ಆಷಾಢದಲ್ಲಿ ಹಗ್ಗ ಅಟ್ಟದಲ್ಲಿತ್ತು, ಜೋಕಾಲಿ ನೆನಪಾಗಲಿಲ್ಲ. ನೆಲ ಅಳೆದೆ, ಗಾಳಿ ಅಳೆಯಲಿಲ್ಲ.

“ನಿನಗ ಗೊತ್ತಿತ್ತಲ್ಲ... ಹೇಳಬೇಕಿಲ್ಲೋ?”

“ನೀ ಕೇಳಲಿಲ್ಲ. ಹೇಳಿದಿ.”

ನನ್ನ ತಾಟು ತೆಗೆದುಕೊಂಡಳು. ಖಾಲಿ ಮಾಡಿ, ತೊಳೆದು, ಹಾಗೇ ಕೈಗಿಟ್ಟಳು. ಕಾಕಿ ಖಾಲಿ ತಾಟು ಎಂದೂ ವಾಪಸ್ ಕೊಟ್ಟವಳಲ್ಲ. ಲಾಭ, ನಷ್ಟ — ಇದನ್ನು ಯಾವ ಕಡೆ ಬರೆಯಲಿ?

ಜುಲೈ 28, ಸೋಮವಾರ. ಸಂಜೆ

ಸ್ಕೂಲಿಗೆ ರಜೆ ಹಾಕಿದೆ. ಅಮಸಿದ್ದಪ್ಪನನ್ನು ಕರೆಸಿದೆ.

“ಬಾಗಲಾ ಇಡೂದೇನ್ರಿ ಅಕ್ಕಾರ?”

“ಬಾಗಲಾ ಅಲ್ಲ. ಜೋಕಾಲಿ ಹಾಯೂವಷ್ಟು ಒಡಿ.”

“ಮನ್ನೆ ಕಟ್ಟಿಸಿದ್ರಿ, ಇವತ್ತ ಒಡಸ್ತೀರಿ. ಶಾಣ್ಯಾರ ಮನಿ ಕೆಲಸಾ ಮುಗಿಯೂದ ಇಲ್ಲ ನೋಡ್ರಿ!”

ಒಡೆದ ಜಾಗದಿಂದ ಮೊದಲು ಬಂದದ್ದು ಒಂದು ಮರಿ ಮಂಗ. ಅದರ ಹಿಂದೆ ಕಾಕಿ, ಕಲ್ಲುಗಳ ನಡುವೆ ಹೆಜ್ಜೆ ನೋಡಿಕೊಳ್ಳುತ್ತ. ಕೈಯಲ್ಲಿ ಮುಚ್ಚಿದ ತಾಟು. ನಿನ್ನೆಯ ರೊಟ್ಟಿ, ಒಣಗಿ ಕಟಕಟಿಯಾಗಿವೆ. ನಿನ್ನೆಯೇ ತೆಗೆದಿಟ್ಟಿದ್ದಳು ಹಾಗಾದರೆ.

ಕುಳಿತ ಮೇಲೆ ಅವಳೇ ಅಂದಳು — “ಇನ್ನ ಶನಿವಾರ ಗುಡ್ಡದ ಬುಡಕ ಇಟ್ಟ ಬರ್ತೇನಿ ಶೇಂಗಾ. ನನ್ನ ಮಣಕಾಲು ನಿನಗ ಗೊತ್ತೈತಿ. ಕೈ ಹಿಡಕೊಂಡು ನೀ ಬರಬೇಕು.”

ಪ್ರತಿ ಶನಿವಾರವೇ? ಕೇಳಲಿಲ್ಲ. ಹೂಂ ಎಂದೆ.

ಈಗ ಬೇವಿನ ಮರಕ್ಕೆ ಹಗ್ಗ ಬಿದ್ದಿದೆ. ಕಿಟಕಿಯಿಂದ ಕಾಣುತ್ತಿದೆ. ಖಾಲಿ ಮಣೆ ಗೋಡೆಯ ಬಾಯಿಯಿಂದ ನಮ್ಮ ಕಡೆ ಬಂದು ಹೋಗುತ್ತಿದೆ —

“ಏ ವಿದ್ಯಾ, ಬರಕೋತ ಕುಂತಿಯೇನ? ಈ ಸಲ ನಾ ಕುಂದರ್ತೇನಿ. ನೀ ಬಂದು ತೂಗು!”

ಬಂದೆ ಕಾಕಿ. ಪೆನ್ನಿನ ಕ್ಯಾಪ್ ಎಲ್ಲಿ —