ಎಣಿಸದೆ ಬಿಟ್ಟ ನಾಲ್ವರು

ಸೆಪ್ಟೆಂಬರ್ 12, ಬೆಳಿಗ್ಗೆ
ಮದುವೆಮನೆ ಕುರಿ ಕೊಯ್ದೆ. ನಲವತ್ತು ವರ್ಷದಿಂದ ನನ್ನದು ಒಂದೇ ಏಟು, ಇಡೀ ನರಿನ್ ಕಣಿವೆಗೇ ಗೊತ್ತು. ಇವತ್ತು ಕೈ ನಡುಗಿ ಚಾಕು ಜಾರಿತು... ಅರ್ಧ ಕತ್ತಿನ ಕುರಿ ರಕ್ತ ಚಿಮ್ಮಿಸುತ್ತ ಹೆಂಗಸರ ಮಧ್ಯೆ ಓಡಿತು. ಮದುಮಗನ ಅಪ್ಪ ನಕ್ಕ. ಅವನ ಮೂಗು ಒಡೆದೆ. ಎಡಗೈಲಿ — ಅದಿನ್ನೂ ನಡುಗಲ್ಲ.

ಸೆಪ್ಟೆಂಬರ್ 20
ಪಟ್ಟಣದ ಆಸ್ಪತ್ರೆಯ ಏಜೆಂಟ್ ಬಂದಿದ್ದ. ಸೂಟು, ಬೂಟು. ನನ್ನದು ಪಾರ್ಕಿನ್ಸನ್ಸ್, ನಡುಕದ ಕಾಯಿಲೆ — ಬುರುಡೆ ಕೊರೆದು ತಂತಿ ಇಟ್ಟರೆ ಕೈ ನಿಲ್ಲುತ್ತಂತೆ. ಫೋನಲ್ಲಿ ತೋರಿಸಿದ: ಹನ್ನೊಂದು ಜನ, ಹನ್ನೊಂದೂ ಜನ ಚಹಾ ಚೆಲ್ಲದೆ ಕುಡಿದರು. ಕೊರೀರಿ ಅಂದೆ! ವಸಂತದ ಮೇಕೆಯಾಟದಲ್ಲಿ ಮೇಕೆ ಹೆಣ ಕಿತ್ತುಕೊಳ್ಳೋಕೆ ಕುದುರೆ ಮೇಲಿರಬೇಕು ನಾನು.

ಸೆಪ್ಟೆಂಬರ್ 23
ತಮ್ಮನ ಮಗಳು ಬೆಗಿಮಾಯ್ ಬಂದಳು. ಡಾಕ್ಟರು. ಫೋನಲ್ಲಿ ಆ ಆಸ್ಪತ್ರೆಯ ವರದಿ ಹುಡುಕಿ ಓದಿದಳು.
"ದೊಡ್ಡಪ್ಪ, ಕೊರೆದಿದ್ದು ಹದಿನೈದು ಜನಕ್ಕೆ. ನಾಲ್ವರು ಆಮೇಲೆ ಬರ್ಲಿಲ್ಲ ಅಂತ ಲೆಕ್ಕದಿಂದಲೇ ತೆಗೆದಿದ್ದಾರೆ. ಬರೀ ಮಾತ್ರೆ ತಗೊಂಡೋರ ಜೊತೆ ಹೋಲಿಸಿಯೂ ಇಲ್ಲ."
"ಗೆದ್ದೋರನ್ನ ಎಣಿಸಿದ್ರೆ ತಪ್ಪೇನೇ?"
"ನಿಮ್ಮ ಮೇಕೆಯಾಟದ ಕಥೆ ಥರಾನೇ ಬಿಡಿ. ಸೋತಿದ್ದು ಒಂದೂ ಇಲ್ಲ!"
ಚಹಾ ಬಟ್ಟಲು ಗೋಡೆಗೆ ಎಸೆದೆ. ನಿಜ ಅಂದರೆ... ಅವಳಿಗೇ ಎಸೆದದ್ದು. ಕೈ ನಡುಗಿ ತಪ್ಪಿತು.

ಅಕ್ಟೋಬರ್ 9
ಸಂತೆಯಲ್ಲಿ ಕೇಳಿಕೇಳಿ, ನಾಲ್ವರಲ್ಲಿ ಒಬ್ಬನ ಮನೆ ಹಿಡಿದೆ. ಶಾಯಿಂಬೆಕ್! ಕುದುರೆ ಮೇಲೆ ಮೇಕೆ ಹೆಣಕ್ಕೆ ಕಿತ್ತಾಡುವಾಗ ಇವನ ದವಡೆ ಮುರಿದವನು ನಾನೇ. ಈಗ ಅವನ ಕೈ ಬಂಡೆ ಹಾಗೆ ನಿಂತಿದೆ. ಮಾತು ಮಾತ್ರ ಗೊರಗೊರ. ಅಪ್ಪಿಕೊಳ್ಳಲು ಎದ್ದವನು ಹೊಸ್ತಿಲಿಗೆ ಮುಖ ಬಡಿದು ಬಿದ್ದ. ಎರಡು ಹಲ್ಲು ನನ್ನ ಬೂಟಿನ ಮೇಲೆ.
ಅವನ ಹೆಂಡತಿ ಕದಲಲಿಲ್ಲ. "ದಿನಾ ಬೀಳ್ತಾರೆ. ಆಸ್ಪತ್ರೆಗೆ ಐದು ಸಲ ಫೋನ್ ಮಾಡ್ದೆ. ಎತ್ತಲ್ಲ."

ಅಕ್ಟೋಬರ್ 10
ಏಜೆಂಟನ ಎರಡು ಹಲ್ಲು ಉದುರಿಸಿದೆ. ಊರಲ್ಲಿ ನಾಲ್ಕು ಅಂದಿದ್ದೇನೆ.

ಅಕ್ಟೋಬರ್ 27
ಪೊಲೀಸರು ನಿನ್ನೆ ಬಿಟ್ಟರು. ಬೆಗಿಮಾಯ್ ಹೇಳ್ತಾಳೆ: ಸರ್ಕಾರಿ ಆಸ್ಪತ್ರೆಲಿ ಇದೇ ತಂತಿ ಬಗ್ಗೆ ಸಂಶೋಧನೆ ನಡೀತಿದೆ. ಚೀಟಿ ಬಂದ ಹಾಗೆ — ಅರ್ಧ ಜನಕ್ಕೆ ಈಗಲೇ ಆಪರೇಷನ್, ಉಳಿದೋರಿಗೆ ಒಂದು ವರ್ಷ ಮಾತ್ರೆ.
"ನನ್ನ ಬುರುಡೆಗೆ ಚೀಟಿ ಎತ್ತೋದೇನೇ, ಕತ್ತೆ!"
"ಹಾಗಾದ್ರೇನೇ ಯಾವುದು ಒಳ್ಳೇದು ಅಂತ ಗೊತ್ತಾಗೋದು."
"ನಾನು ಬಿದ್ರೆ?"
"ಬಿದ್ರೂ ಬರ್ಕೋತೀವಿ, ದೊಡ್ಡಪ್ಪ. ಮನೆಗೇ ಬಂದು."

ನವೆಂಬರ್ 14, ಬೆಳಿಗ್ಗೆ ಹತ್ತು
ಸಂಶೋಧನೆಗೆ ಸಹಿ ಹಾಕಿದೆ. ಹಾಳೆ ಹರಿಯಿತು, ಇನ್ನೊಂದು ಕೊಟ್ಟರು. ಎಲ್ಲಾ ಬರ್ಕೋತಾರಂತಲ್ಲ, ನಾನೂ ಬರೀತೇನೆ: ಆಡಿದ್ದು ಐವತ್ತೆರಡು ಮೇಕೆಯಾಟ. ಗೆದ್ದದ್ದು ಹತ್ತೊಂಬತ್ತು. ಶಾಯಿಂಬೆಕ್‌ನ ದವಡೆ ಮುರಿದ ದಿನ ಮೊದಲು ಕುದುರೆಯಿಂದ ಬಿದ್ದವನು ನಾನು. ನನ್ನನ್ನು ಎತ್ತಲು ಬಗ್ಗಿದ ಅವನು. ಆಗ ಹೊಡೆದೆ.
ಬೆಗಿಮಾಯ್ ನನ್ನ ಚೀಟಿಯ ಲಕೋಟೆ ಒಡೆಯುತ್ತಿದ್ದಾಳೆ. ಆಪರೇಷನ್ನೋ ಮಾತ್ರೆಯೋ, ಬಂದದ್ದನ್ನೇ ಬರೀತೇನೆ... ಚೀಟಿ ಹೊರಗೆ ಬಂತು. ಅದರಲ್ಲಿ —