ಅಪ್ಪಿಯ ಮದುವೆಗೊಂದು ಚಿತ್ರ

ಕಾಟಿಪಳ್ಳ, ಮಂಗಳೂರು
೩ ಜುಲೈ ೨೦೨೪

ಪ್ರೀತಿಯ ಮುದ್ದಕ್ಕಾ, ನಿನ್ನ ತಮ್ಮ ಗುರುವಪ್ಪನ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ಡೊಂಬಿವಲಿಯ ಆ ಮೂರನೇ ಮಹಡಿಗೆ ಲಿಫ್ಟ್ ಬಂತೇ, ಇಲ್ಲವೇ ಇನ್ನೂ ಮೆಟ್ಟಿಲಿಗೊಮ್ಮೆ ಕುಳಿತು ಅಳಿಯನನ್ನು ಬೈಯುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಎರಡು ಕಣ್ಣಿನ ಪೊರೆಯನ್ನೂ ತೆಗೆಸಿದೆ. ಈಗ ನೀಲಿ ಬಣ್ಣ ಹೊಸದಾಗಿ ಕಾಣುತ್ತಿದೆ. ಹಿಂದಿನ ನಾಲ್ಕೈದು ವರ್ಷ ನಾನು ನೀಲಿಯೆಂದು ಬಳಿದದ್ದರಲ್ಲಿ ಅರ್ಧ ಹಸಿರೇ ಇತ್ತೆಂದು ಗೊತ್ತಾಗಿ ನಾಚಿಕೆಯಾಯಿತು. ಯಾರೂ ಹೇಳಲಿಲ್ಲ ನೋಡು, ಮುದುಕನ ಮನಸ್ಸು ನೋಯಿಸುವುದು ಬೇಡವೆಂದು ಇರಬೇಕು.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ಅಪ್ಪಿಯ ಹೆಸರೆತ್ತಿದರೆ ಸಾಕು, ನಿನ್ನ ಮನೆಯ ಕುಕ್ಕರ್ ಕೂಗುತ್ತದೆ. ಹೋದ ಸಲವೂ ಕೂಗಿತು, ಬೆಳಿಗ್ಗೆ ಏಳಕ್ಕೂ ಕೂಗಿತು, ಊಟವಾದ ಮೇಲೆಯೂ ಕೂಗಿತು. ಅದೂ ಅಲ್ಲದೆ ನಾವು ಮಾತನಾಡುವುದು ತುಳುವಿನಲ್ಲಿ, ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಬಾಯಲ್ಲಿ ಆಡಲಾಗದ ಕೆಲವು ಸಂಗತಿಗಳಿಗೆ ಈ ಬರೆಯುವ ಕನ್ನಡವೇ ವಾಸಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಅಪ್ಪಿಗೆ ಮದುವೆ ನಿಶ್ಚಯವಾಗಿದೆ. ಪತ್ರ ಮಡಚಿಡಬೇಡ ಅಕ್ಕಾ, ಓದು. ನನ್ನ ಮೊಮ್ಮಗಳು, ಯೋಗೀಶನ ಮಗಳು ನಿರೀಕ್ಷಾಳಿಗೆ ಬಂದ ನಾಲ್ಕು ಸಂಬಂಧಗಳೂ ಕೊನೆಯ ಗಳಿಗೆಯಲ್ಲಿ ತಪ್ಪಿಹೋದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆವು. ಈ ಮನೆಯಲ್ಲಿ ಮೊದಲೇ ಒಬ್ಬಳು ಮದುವೆಗೆ ಕಾದು ಕುಳಿತಿದ್ದಾಳೆ, ಅವಳನ್ನು ದಾಟಿ ಇನ್ನೊಬ್ಬಳ ಮದುವೆ ಹೇಗಾದೀತು ಎಂದರು. ಆರು ವರ್ಷಕ್ಕೆ ತೀರಿಹೋದ ನಮ್ಮ ತಂಗಿ ಸುಮ್ಮನೆ ಇಲ್ಲ, ಕುಲೆಯಾಗಿ ಸತ್ತವರ ಲೋಕದಲ್ಲಿ ಬೆಳೆಯುತ್ತಾ ಮದುವೆಯ ಪ್ರಾಯಕ್ಕೆ ಬಂದು ನಿಂತಿದ್ದಾಳೆ. ನಮ್ಮ ಹಿರಿಯರು ಸತ್ತ ಮಕ್ಕಳಿಗೂ ಮದುವೆ ಮಾಡಿಸುತ್ತಿದ್ದದ್ದು ನಿನಗೆ ಗೊತ್ತಲ್ಲ. ಉಳ್ಳಾಲದ ಒಂದು ಮನೆಯಲ್ಲಿ ಮೂರು ವರ್ಷಕ್ಕೆ ಜ್ವರದಲ್ಲಿ ಹೋದ ಹುಡುಗ ಸಿಕ್ಕಿದ್ದಾನೆ, ಒಳ್ಳೆಯ ಮನೆತನ. ಆಟಿ ತಿಂಗಳಲ್ಲಿ, ಆಗಸ್ಟ್ ಹನ್ನೊಂದು ಭಾನುವಾರ, ಧಾರೆ. ಎರಡು ಕುರ್ಚಿ ಇಡುತ್ತಾರೆ, ಒಂದಕ್ಕೆ ಸೀರೆ, ಒಂದಕ್ಕೆ ಪಂಚೆ ಮತ್ತು ಶರ್ಟು. ಹುಡುಗನ ಕಡೆಯವರು ಧಾರೆಸೀರೆ ಕೊಟ್ಟ ಮೇಲೆ ಮದುಮಗಳಿಗೆ ಉಟ್ಟುಕೊಳ್ಳಲು ಸ್ವಲ್ಪ ಹೊತ್ತು ಬಿಡಬೇಕು, ಅಷ್ಟರವರೆಗೆ ಎಲ್ಲರೂ ಹೊರಗೆ ಕಾಯಬೇಕು. ಆ ಸೀರೆಯನ್ನು ಉಡಿಸುವವಳು ಮನೆಯ ಹಿರಿಯ ಹೆಂಗಸು. ನಮ್ಮಲ್ಲಿ ಅದು ನೀನು.

ಇದನ್ನೆಲ್ಲ ನಾನು ನಂಬುತ್ತೇನೆಯೇ ಎಂದು ಕೇಳಬೇಡ. ನಲವತ್ತೈದು ವರ್ಷ ರೆಕ್ಕೆಯ ಹುಡುಗಿಯರ ಚಿತ್ರ ಬರೆದು ಹೊಟ್ಟೆ ಹೊರೆದವನು ಯಾವ ಬಾಯಲ್ಲಿ ನಂಬುವುದಿಲ್ಲ ಎನ್ನಲಿ? ಮದುವೆಯಾಗದವರು ಇದನ್ನು ನೋಡಬಾರದಾದ್ದರಿಂದ ನಿರೀಕ್ಷಾ ಮಾತ್ರ ಮುಖ ಊದಿಸಿಕೊಂಡಿದ್ದಾಳೆ. “ನನಗೋಸ್ಕರ ಮಾಡುವ ಮದುವೆಗೆ ನಾನೇ ಇರ್ಬಾರದಾ? ಇದೆಂತ ನ್ಯಾಯ ಅಜ್ಜ?” ಎನ್ನುತ್ತಾಳೆ.

ಈ ನನ್ನ ಕಸುಬಿನ ಕಥೆಯನ್ನು ನಿನಗೆ ಸರಿಯಾಗಿ ಹೇಳಿದ್ದೇ ಇಲ್ಲ. ನೀನು ಹತ್ತೊಂಬತ್ತಕ್ಕೆ ಮದುವೆಯಾಗಿ ಬೊಂಬಾಯಿಗೆ ಹೋದೆ, ಆಮೇಲೆ ಇಲ್ಲಿಗೆ ಬಂದದ್ದು ನೆಂಟರ ಹಾಗೆ. ನಾನು ಮೊದಲು ಹಂಪನಕಟ್ಟೆಯ ಒಂದು ಪ್ರೆಸ್ಸಿನಲ್ಲಿ ಬೀಡಿಯ ಲೇಬಲ್ ಬರೆಯುತ್ತಿದ್ದೆ. ಅದೇ ಪ್ರೆಸ್ಸಿನಿಂದ ರೂಬನ್ ಮಾಸ್ಟ್ರು ಮಕ್ಕಳ ಮಾಸಿಕವೊಂದನ್ನು ತರುತ್ತಿದ್ದರು. ಒಂದು ತಿಂಗಳು ಅವರ ಚಿತ್ರಕಾರ ಕೈಕೊಟ್ಟಾಗ ನನಗೊಂದು ಕಿನ್ನರಿಯನ್ನು ಬರೆಯಲು ಹೇಳಿದರು. ನಾನು ಹಳೆಯ ಕ್ಯಾಲೆಂಡರೊಂದನ್ನು ನೋಡಿ ಹೊಂಬಣ್ಣದ ಕೂದಲು, ನೆಲ ಗುಡಿಸುವ ಗೌನು, ಕೈಯಲ್ಲೊಂದು ಕೋಲು ಎಲ್ಲ ಕೊಟ್ಟು ಬರೆದೆ. ಮಾಸ್ಟ್ರು ಕನ್ನಡಕ ಹಣೆಗೇರಿಸಿ ನೋಡಿ, “ಈ ಸೆಕೆಗೆ ಇಷ್ಟು ಬಟ್ಟೆ ಹಾಕಿಸಿದ್ದೀಯಲ್ಲ ಮಾರಾಯ, ಹಾರುವುದು ಬಿಡು, ಅದು ಉಸಿರು ಹೇಗೆ ತೆಗೀತದೆ?” ಎಂದರು. ಅಂದಿನಿಂದ ನನ್ನ ಕಿನ್ನರಿಯರು ಮೊಣಕಾಲುದ್ದದ ಲಂಗ ಹಾಕಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡರು. ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಕೊಟ್ಟೆ. ಕೆಸುವಿನೆಲೆಯ ಅಡಿಯಲ್ಲಿ ಮಳೆ ನಿಲ್ಲುವುದನ್ನು ಕಾಯುವವರು, ಸಿಗಡಿಯ ಬುಟ್ಟಿಯಲ್ಲಿ ಅಡಗಿ ಮೀನಿನ ಮಾರ್ಕೆಟ್ಟಿಗೆ ಹೋಗಿಬಿಟ್ಟವರು, ಬಾವಿಯ ಕಲ್ಲಿನ ಸಂದಿಯಲ್ಲಿ ಕೂದಲು ಬಾಚುವ ನಾಗಕನ್ನೆಯರು, ಪಾದ ಹಿಂದುಮುಂದಾಗಿದ್ದರಿಂದ ಮನೆಯ ದಾರಿ ತಪ್ಪುವ ಒಬ್ಬ ಬಡಪಾಯಿ ಪಿಶಾಚಿ. ಈ ಪಿಶಾಚಿಗೆ ಮಕ್ಕಳಿಂದ ಎಷ್ಟು ಕಾಗದ ಬರುತ್ತಿತ್ತು ಗೊತ್ತೇ! ದೈವಗಳನ್ನು ಮಾತ್ರ ನಾನು ಬರೆಯಲಿಲ್ಲ. ಅದು ಆಟದ ಸಾಮಾನಲ್ಲ ಎಂದು ಅಪ್ಪ ಹೇಳಿದ್ದರು, ದೊಡ್ಡ ದೊಡ್ಡವರು ಕೇಳಿದರೂ ಒಪ್ಪಲಿಲ್ಲ.

ಆಮೇಲೆ ದೆಹಲಿಯ ಪ್ರಕಾಶಕರು ಬಂದರು, ಪುಸ್ತಕಗಳು ಬಂದವು, ಶಾಲು ಹಾರಗಳೂ ಬಂದವು. ಮಾಸ್ಟ್ರು ಹೋದರು, ಮಾಸಿಕವೂ ನಿಂತಿತು. ಈಗ ನಿರೀಕ್ಷಾ ನನ್ನ ಹಳೆಯ ಚಿತ್ರಗಳನ್ನೆಲ್ಲ ಟ್ರಂಕಿನಿಂದ ತೆಗೆದು ಸ್ಕ್ಯಾನ್ ಮಾಡಿ ಇಡುತ್ತಿದ್ದಾಳೆ. ಗೆದ್ದಲು ತಿಂದದ್ದನ್ನು ಬಿಟ್ಟರೂ ಆರುನೂರರ ಮೇಲಿವೆ. ಮೊನ್ನೆ ಅವಳು ನೆಲದ ತುಂಬ ಚಿತ್ರ ಹರಡಿಕೊಂಡು, “ಅಜ್ಜ, ಇವರೆಲ್ಲ ಒಬ್ಬಳೇ ಅಲ್ವಾ? ನೋಡಿ, ಎಲ್ಲರಿಗೂ ಎಡ ಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣ ಗೆರೆ ಉಂಟು” ಎಂದಳು. ದೆಹಲಿಯವರು ಅದನ್ನು ನನ್ನ ಶೈಲಿ ಎಂದು ಒಮ್ಮೆ ಬರೆದಿದ್ದರು. ನಾನು ಹೂಂ ಎಂದಿದ್ದೆ. ಅಪ್ಪಿ ಜಗಲಿಯಿಂದ ಬಿದ್ದು ಹುಬ್ಬು ಒಡೆದುಕೊಂಡಾಗ ಅರಸಿನ ಒತ್ತಿ ಹಿಡಿದವಳು ನೀನು, ಆ ಗೆರೆ ಯಾರದೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ಈಗ ನನ್ನ ಸಂಕಟ ಕೇಳು. ಹುಡುಗನ ತಂದೆ ಆ ಕಾಲಕ್ಕೇ ಬೊಂಬಾಯಿಯಲ್ಲಿದ್ದವರಾದ್ದರಿಂದ ಅವನದೊಂದು ಫೋಟೋ ಇದೆ. ನಿಶ್ಚಯದ ದಿನ ಅವನ ಅಕ್ಕ, ಈಗ ಎಪ್ಪತ್ತು ದಾಟಿದ ಹೆಂಗಸು, ಸೆರಗಿನಲ್ಲಿ ಒರೆಸಿ ನಮಗೆ ತೋರಿಸಿದರು. “ನಿಮ್ಮ ಹುಡುಗಿ ನೋಡ್ಲಿಕ್ಕೆ ಹೇಗಿದ್ಲು? ನೀವು ಚಿತ್ರದವರಂತಲ್ಲ, ಒಂದು ಬರ್ದು ಕೊಡಿ” ಎಂದರು. ನಮ್ಮ ಮನೆಯಲ್ಲಿ ಆಗ ಯಾರು ಫೋಟೋ ತೆಗೆಸಿದ್ದರು? ಅದೆಂತ ದೊಡ್ಡ ಸಂಗತಿ ಎಂದು ನಾನು ಜಂಬದಿಂದ ಒಪ್ಪಿಕೊಂಡುಬಿಟ್ಟೆ. ಕುಳಿತು ಬರೆದರೆ ಮೊದಲನೆಯದಕ್ಕೆ ಅಭ್ಯಾಸಬಲದಿಂದ ರೆಕ್ಕೆ ಬಂತು. ಎರಡನೆಯದು ಆರು ವರ್ಷದ ಮಗು. ಅವರ ಫೋಟೋ ಬೆಳೆಯುವಂಥದ್ದಲ್ಲ, ಆದರೆ ಬರೆದು ಕೊಡುವಾಗ ಮದುಮಗಳೆಂದು ಮಗುವನ್ನು ಕೊಡಲಾಗುತ್ತದೆಯೇ? ಇಷ್ಟು ವರ್ಷ ಅವಳನ್ನು ಬೆಳೆಯಲು ಬಿಡದೆ ಲಂಗದಲ್ಲೇ ಇಟ್ಟವನು ನಾನೇ. ಕೆನ್ನೆ ಇಳಿಸಿದೆ, ಕೊರಳು ಉದ್ದ ಮಾಡಿದೆ, ಮಲ್ಲಿಗೆ ಮುಡಿಸಿದೆ, ಇಪ್ಪತ್ತೈದು ವರ್ಷ ಮಾಡಿದೆ. ನಿರೀಕ್ಷಾ ಬಂದು ನೋಡಿದವಳು, “ಇದು ಮುದ್ದಜ್ಜಿ ಅಲ್ವಾ?” ಎಂದಳು. ಹೌದು ಅಕ್ಕಾ, ಕಾಗದದ ಮೇಲೆ ನೀನು ಕುಳಿತಿದ್ದೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ನೀನೇ. ನನಗೆ ಅತ್ತುಬಿಡುವ ಹಾಗಾಯಿತು.

ಹಳೆಯ ಜಾಗ ನೋಡಿದರೆ ಮುಖ ನೆನಪಾದೀತೆಂದು ಯೋಗೀಶನ ಬೈಕಿನಲ್ಲಿ ಬೈಕಂಪಾಡಿಗೂ ಹೋಗಿ ಬಂದೆ. ನಮ್ಮ ಮನೆ, ಗದ್ದೆ ಇದ್ದಲ್ಲಿ ಈಗ ಗೋದಾಮುಗಳ ಸಾಲು. ಗೇಟಿನ ವಾಚ್‌ಮನ್, “ಎಂತ ಹುಡುಕ್ತೀರಿ?” ಎಂದು ಕೇಳಿದ. ಇಲ್ಲೊಂದು ತೋಡು ಹರಿಯುತ್ತಿತ್ತು ಎಂದೆ. ಅವನು ಸಿಮೆಂಟಿನ ಚರಂಡಿ ತೋರಿಸಿದ. ಅದೇ ಇರಬಹುದು, ಅಲ್ಲದೆಯೂ ಇರಬಹುದು.

ಅಪ್ಪಿಯನ್ನು ಎತ್ತಿ ಆಡಿಸಿದವಳು ನೀನು, ನಿನಗೇ ಸರಿಯಾಗಿ ಗೊತ್ತು. ಚಿತ್ರದ ಒಂದು ಪ್ರತಿ ಇದರಲ್ಲಿ ಇಟ್ಟಿದ್ದೇನೆ. ಅವಳು ನಿನ್ನಿಂದ ಎಲ್ಲೆಲ್ಲಿ ಬೇರೆಯಾಗಿದ್ದಳೋ ಅಲ್ಲಿ ಪೆನ್ಸಿಲಿನಿಂದ ತಿದ್ದು, ಗೆರೆ ಡೊಂಕಾದರೂ ಅಡ್ಡಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, ನೀನೇ ಬರಬೇಕು. ಪ್ರತಿ ಆಟಿಯಲ್ಲೂ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಅಪ್ಪಿಯ ಎಲೆಯೂ ಇರುತ್ತದೆಂದು ನೀನು ಬರುವುದಿಲ್ಲ, ನನಗೆ ಗೊತ್ತು. ಅಪ್ಪಿ ತೋಡಿನಲ್ಲಿ ಮುಳುಗಿದ ದಿನ ಅಮ್ಮ ನಾಟಿಯ ಗದ್ದೆಯಿಂದ ಓಡಿಬಂದು, “ನಿನ್ನ ಕೈಯಲ್ಲಿ ಬಿಟ್ಟು ಹೋಗಿದ್ದೆನಲ್ಲ” ಎಂದು ನಿನಗೆ ಹೇಳಿದ ಮಾತನ್ನು ನೀನು ಇನ್ನೂ ಹೊತ್ತುಕೊಂಡಿದ್ದೀ. ನಿನಗಾಗ ಹದಿನಾಲ್ಕು, ನನಗೆ ಒಂಬತ್ತು. ನೀನು ಬಾರದಿದ್ದರೆ ಸೊಸೆ ಸೀರೆ ಉಡಿಸುತ್ತಾಳೆ, ಶಾಸ್ತ್ರ ಮುಗಿಯುತ್ತದೆ. ಆದರೆ ಅಪ್ಪಿ ನಿನ್ನ ಕೈಯಿಂದಲ್ಲದೆ ಬೇರೆಯವರಿಂದ ಲಂಗ ಕಟ್ಟಿಸಿಕೊಂಡವಳೇ ಅಲ್ಲ.

ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಭಾವನ ಫೋಟೋಕ್ಕೆ ನನ್ನ ಪರವಾಗಿಯೂ ಒಂದು ಹೂ ಇಡು. ರೈಲಿನ ಟಿಕೆಟು ಯೋಗೀಶ ಮಾಡಿಸುತ್ತಾನೆ, ಕೆಳಗಿನ ಬರ್ತೇ ಸಿಗುವ ಹಾಗೆ ನೋಡುತ್ತಾನಂತೆ.

ನಿನ್ನ ತಮ್ಮ,
ಗುರುವ

ಮತ್ತೆ: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಎರಡು ಸಲ ಬರೆಯಲು ಹೋಗಿ ಬಿಟ್ಟದ್ದು. ಅಂಚೆಯ ಹೊತ್ತಾಯಿತೆಂದು ಯೋಗೀಶ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾನೆ. ಅಪ್ಪಿ ತೋಡಿಗೆ ತಾನಾಗಿ ಹೋದದ್ದಲ್ಲ ಅಕ್ಕಾ. ಅಂದು ಬೆಳಿಗ್ಗೆ ನಾನು ಸ್ಲೇಟಿನಲ್ಲಿ ರೆಕ್ಕೆಯ ಹುಡುಗಿಯರನ್ನು ಬರೆದು ತೋರಿಸಿ, ಇವರು ಮಧ್ಯಾಹ್ನ ತೋಡಿನಲ್ಲಿ ಸ್ನಾನಕ್ಕೆ ಬರುತ್ತಾರೆ ಎಂದಿದ್ದೆ. ನೀನೂ ಬಾ ಎಂದು ನನ್ನನ್ನು ಕರೆದಳು. ಇಬ್ಬರು ಹೋದರೆ ಅವರು ಬರುವುದಿಲ್ಲ, ಒಬ್ಬಳೇ ಹೋಗು, ಅಕ್ಕನಿಗೆ ಹೇಳಬೇಡ ಎಂದೆ. ನನಗೆ ಗೋಲಿಯಾಟಕ್ಕೆ ಹೋಗಬೇಕಿತ್ತು, ಅಷ್ಟೇ. ಅಮ್ಮ ನಿನ್ನನ್ನು ಬೈಯುವಾಗ ನಾನು ಬಾಗಿಲ ಹಿಂದೆ ನಿಂತು ಅಂಗಿಯ ತುದಿಯಿಂದ ಸ್ಲೇಟು ಒರೆಸುತ್ತಿದ್ದೆ. ಐವತ್ತೇಳು ವರ್ಷ ನೀನು ಹೊತ್ತದ್ದು ನನ್ನ ತಪ್ಪನ್ನು. ಇನ್ನು ನನ್ನ ಮುಖ ನೋಡುವುದಿಲ್ಲ ಎಂದರೂ ನ್ಯಾಯವೇ. ಆದರೆ ಮದುವೆಗೆ ಬಾ, ತಲೆ ಎತ್ತಿ ಬಾ. ಅಪ್ಪಿಯ ಎದುರು ನಿಲ್ಲಲು ಹೆದರಬೇಕಾದವನು ನಾನು, ನೀನಲ್ಲ.