ಕಲ್ಲಿನಲ್ಲಿ ಇಲ್ಲದವಳು

ಜೂನ್ ೯, ಸೋಮವಾರ

ಇಂದು ಬೆಳಿಗ್ಗೆ ಬಂದರಿನಲ್ಲಿ ದೋಣಿ ದುರಂತದ ಸ್ಮಾರಕದ ಕಲ್ಲು ಅನಾವರಣ ಮಾಡಿದರು. ಸತ್ತವರೆಲ್ಲರ ಹೆಸರಿದೆ, ಆ ಹುಡುಗಿಯದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದಾರೆ. ದೂರದ ನಿರಾಶ್ರಿತರ ಶಿಬಿರದ ಗುಡಾರದಲ್ಲಿ ಹುಟ್ಟಿ, ಈ ಊರಲ್ಲಿ ಬೆಳೆದವಳು. ನೌಕಾಪಡೆಯಲ್ಲಿ ಮುಳುಗುತಜ್ಞೆಯಾಗಿ ದುಡಿದು, ಶ್ವಾಸಕೋಶ ಕೆಡಿಸಿಕೊಂಡು, ಇನ್ನೂ ಎಳೆಯ ಪ್ರಾಯದಲ್ಲೇ ನಿವೃತ್ತಳಾಗಿದ್ದಳು. ನೀರಿಗಿಳಿಯಕೂಡದೆಂದು ವೈದ್ಯರು ಹೇಳಿದ್ದರೂ ದೋಣಿ ಮುಳುಗಿದ ದಿನ ಹಾರಿದಳು. ಏಳು ಜನರನ್ನು ದಡಕ್ಕೆ ತಂದಳು. ಮತ್ತೊಬ್ಬರಿಗಾಗಿ ಹೋದವಳು ಮೇಲೆ ಬರಲಿಲ್ಲ.

ಅವಳ ತಾಯಿ ಕಲ್ಲಿನ ಮೇಲೆ ಬೆರಳಾಡಿಸಿ ಹುಡುಕುತ್ತಿದ್ದರು. ಪುರಸಭೆಯ ಅಧ್ಯಕ್ಷ ನಗುತ್ತಲೇ ಹೇಳಿದ, "ಇದು ಊರಿನವರಿಗೆ ಮಾತ್ರ ಕಣಮ್ಮ. ನಿನ್ನ ಮಗಳು ಇಲ್ಲಿ ಹುಟ್ಟಿದವಳಲ್ಲವಲ್ಲ."

"ಅವಳು ಹಾರುವಾಗ 'ಯಾವೂರಮ್ಮ ನಿಂದು' ಅಂತ ಯಾರೂ ಕೇಳ್ಲಿಲ್ಲವಲ್ಲ ಸ್ವಾಮಿ?"

"ಅಯ್ಯೋ, ಆಗ ಕೇಳೋಕೆ ಪುರುಸೊತ್ತೆಲ್ಲಿತ್ತು?" ಎಂದ. ಜನ ನಕ್ಕರು. ಅವಳು ದಡಕ್ಕೆ ತಂದ ಏಳು ಜನರಲ್ಲಿ ನಾಲ್ವರು ಅಲ್ಲೇ ಇದ್ದರು, ಅವರೂ ನಕ್ಕರು. ಅವರಲ್ಲೊಬ್ಬ ಅಧ್ಯಕ್ಷನ ಅಳಿಯ.

ಅವಳು ಸಮವಸ್ತ್ರದಲ್ಲಿ ಮೊದಲ ರಜೆಗೆ ಬಂದಾಗ ಇದೇ ಮನುಷ್ಯ ಹೆಗಲ ಮೇಲೆ ಕೈಹಾಕಿ, "ನಮ್ಮೂರ ಮಗಳು" ಎಂದು ಫೋಟೊ ತೆಗೆಸಿಕೊಂಡಿದ್ದ. ಅದನ್ನೇ ತೋರಿಸಿ ಚುನಾವಣೆ ಗೆದ್ದ. ಊರು ಮರೆತಿರಬಹುದು, ನಾನು ಮರೆತಿಲ್ಲ.

ಅಧ್ಯಕ್ಷರೇ, ನಾಳೆ ಪುರಸಭೆಯ ಸಭೆಯಲ್ಲಿ ಎಲ್ಲರೆದುರು ನಿಂತು ಹೇಳಿ: ಪರವೂರಿನವಳು ಎತ್ತಿ ತಂದ ಅಳಿಯನನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೀರೋ, ಇಲ್ಲ ವಾಪಸ್ ನೀರಿಗೆ ಹಾಕುತ್ತೀರೋ?